ತೀರ್ಥಹಳ್ಳಿಯಿಂದ ಐದು ವರ್ಷ: ಕ್ಯೂಬ್‌ಸಿಟಿಎಲ್ ಬಳಸಿದ ಅನುಭವ

ಕುಬರ್ನೆಟಿಸ್ ಎಂಬ ತಂತ್ರಾಂಶದ ಕ್ಲಸ್ಟರ್‌ಗಳನ್ನು (ಅಪ್ಲಿಕೇಶನ್‌ಗಳನ್ನು ಓಡಿಸುವ ಕಂಪ್ಯೂಟರ್‌ಗಳ ಗುಂಪುಗಳನ್ನು) ನಿರ್ವಹಿಸುವ ಕಮಾಂಡ್ ಲೈನ್ ಸಾಧನವಾದ ಕ್ಯೂಬ್‌ಸಿಟಿಎಲ್ ಅನ್ನು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕುಳಿತು ಐದು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಆಷಾಢದ ಮಳೆ ಹಿಡಿದರೆ ಇಲ್ಲಿ ಕರೆಂಟ್ ಮತ್ತು ಇಂಟರ್‌ನೆಟ್ ಯಾವ ಗಳಿಗೆಯಲ್ಲಿ ಹೋಗುತ್ತವೆಂದು ಹೇಳಲಾಗದು. ಹಾಗಾಗಿ ಕೆಲಸ ಅರ್ಧಕ್ಕೆ ನಿಂತಾಗ ಸಾಧನವೊಂದು ಹೇಗೆ ವರ್ತಿಸುತ್ತದೆ ಎಂಬುದನ್ನೇ ನಾನು ಮೊದಲು ನೋಡುವುದು.

ಈ ವಿಷಯದಲ್ಲಿ ಫೈಲಿನಲ್ಲಿ ಬರೆದಂತೆ ಕ್ಲಸ್ಟರನ್ನು ಬದಲಿಸುವ ಇದರ ‘ಅಪ್ಲೈ’ ಆದೇಶದ ಮೇಲೆ ನನಗೆ ಪೂರ್ಣ ಭರವಸೆಯಿದೆ. ಒಂದು ಮಳೆಗಾಲದ ರಾತ್ರಿ ಏಳು ಯಾಮಲ್ ಫೈಲುಗಳನ್ನು (ಸೆಟ್ಟಿಂಗ್‌ಗಳನ್ನು ಬರೆದಿಡುವ ಪಠ್ಯ ಫೈಲುಗಳು) ಒಟ್ಟಿಗೆ ಕಳಿಸುತ್ತಿದ್ದಾಗ, ಮೂರು ಸಾಲುಗಳಲ್ಲಿ ‘ಕಾನ್ಫಿಗರ್ಡ್’ (ಬದಲಾವಣೆ ಜಾರಿಯಾಯಿತು) ಎಂದು ಮೂಡುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ಅದೇ ಆದೇಶವನ್ನು ಮತ್ತೊಮ್ಮೆ ಕೊಟ್ಟೆ. ಮೊದಲ ಮೂರಕ್ಕೆ ‘ಅನ್‌ಚೇಂಜ್ಡ್’ (ಬದಲಾವಣೆಯಿಲ್ಲ) ಎಂದೂ ಉಳಿದ ನಾಲ್ಕಕ್ಕೆ ‘ಕಾನ್ಫಿಗರ್ಡ್’ ಎಂದೂ ಬಂತು. ಬೇಕಾದ ಸ್ಥಿತಿಯನ್ನು ಫೈಲಿನಲ್ಲಿ ಬರೆದು ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಇಟ್ಟುಕೊಂಡವರಿಗೆ, ಎಲ್ಲಿಗೆ ನಿಂತಿತ್ತು ಎಂದು ಹುಡುಕುವ ಕೆಲಸವೇ ಉಳಿಯುವುದಿಲ್ಲ.

ನನ್ನನ್ನು ಬಹಳ ನೋಯಿಸಿದ್ದು ‘ಡಿಲೀಟ್’. ಪರೀಕ್ಷಾ ಕ್ಲಸ್ಟರ್‌ನಲ್ಲಿದ್ದೇನೆಂದು ನಂಬಿ ಒಂದು ನೇಮ್‌ಸ್ಪೇಸನ್ನು, ಅಂದರೆ ಕ್ಲಸ್ಟರ್‌ನೊಳಗಿನ ಒಂದು ಪ್ರತ್ಯೇಕ ವಿಭಾಗವನ್ನು, ಅಳಿಸಿದೆ. ಆದರೆ ಆದೇಶ ಯಾವ ಕ್ಲಸ್ಟರ್‌ಗೆ ಹೋಗಬೇಕೆಂದು ಹೇಳುವ ಕಾಂಟೆಕ್ಸ್ಟ್ ಗ್ರಾಹಕರು ಬಳಸುವ ಕ್ಲಸ್ಟರ್‌ನತ್ತ ಇತ್ತು. ತಾನಾಗಿ ಖಚಿತಪಡಿಸಿಕೊಳ್ಳುವ ಪ್ರಶ್ನೆಯನ್ನು ಈ ಆದೇಶ ಕೇಳುವುದಿಲ್ಲ, ಮತ್ತು ನೇಮ್‌ಸ್ಪೇಸ್ ಹೋದರೆ ಅದರೊಳಗಿನದೆಲ್ಲವೂ ಹೋಗುತ್ತದೆ. ಗಿಟ್‌ನಲ್ಲಿದ್ದ ಫೈಲುಗಳಿಂದ ಎಲ್ಲವನ್ನೂ ಮರಳಿ ಕಟ್ಟಿದೆವಾದರೂ ಒಂದು ಪಾಡ್ (ಅಪ್ಲಿಕೇಶನ್ ಓಡುವ ಚಿಕ್ಕ ಘಟಕ) ಮೆಮೊರಿ ಸಾಲದೆ ಮತ್ತೆ ಮತ್ತೆ ಬೀಳುತ್ತಲೇ ಇತ್ತು. ತಿಂಗಳುಗಳ ಹಿಂದೆ ಅದರ ಮೆಮೊರಿ ಮಿತಿಯನ್ನು ನಾನೇ ‘ಎಡಿಟ್’ ಮೂಲಕ ನೇರವಾಗಿ ಕ್ಲಸ್ಟರ್‌ನಲ್ಲಿ ಏರಿಸಿದ್ದೆ, ಫೈಲಿನಲ್ಲಿ ಬರೆದಿರಲಿಲ್ಲ. ಅಂದಿನಿಂದ ಕ್ಲಸ್ಟರ್‌ಗೊಂದು ಪ್ರತ್ಯೇಕ ಕ್ಯೂಬ್‌ಕಾನ್ಫಿಗ್ ಫೈಲು (ಕ್ಲಸ್ಟರ್‌ನ ವಿಳಾಸ ಮತ್ತು ಪ್ರವೇಶದ ವಿವರ ಇರುವ ಫೈಲು) ಇಟ್ಟಿದ್ದೇನೆ, ಸ್ಕ್ರಿಪ್ಟುಗಳ ಪ್ರತಿ ಆದೇಶದಲ್ಲೂ ಕಾಂಟೆಕ್ಸ್ಟ್ ಮತ್ತು ನೇಮ್‌ಸ್ಪೇಸ್ ಹೆಸರನ್ನು ಬಿಡಿಸಿ ಬರೆಯುತ್ತೇನೆ, ‘ಅಪ್ಲೈ’ಗೆ ಮುನ್ನ ‘ಡಿಫ್’ ಕೊಟ್ಟು ಏನು ಬದಲಾಗಲಿದೆ ಎಂದು ಸಾಲುಸಾಲಾಗಿ ಓದುತ್ತೇನೆ. ‘ಎಡಿಟ್’ ಬಳಸುವುದನ್ನು ಬಿಟ್ಟೇಬಿಟ್ಟೆ.

ಸ್ಕ್ರಿಪ್ಟು ಬರೆಯುವವರು, ಕ್ಲಸ್ಟರ್‌ನಲ್ಲಿ ಏನೇನಿದೆ ಎಂದು ‘ಗೆಟ್’ ಆದೇಶ ತೋರಿಸುವ ಕೋಷ್ಟಕವನ್ನು ಕತ್ತರಿಸಿ ಬಳಸದೆ ಪ್ರೋಗ್ರಾಂಗಳು ಸುಲಭವಾಗಿ ಓದುವ ಜೇಸನ್ ರೂಪದಲ್ಲಿ ಫಲಿತಾಂಶ ಪಡೆಯುವುದು ಒಳ್ಳೆಯದು, ಏಕೆಂದರೆ ಆ ಕೋಷ್ಟಕ ಇರುವುದು ಮನುಷ್ಯರ ಕಣ್ಣಿಗಾಗಿ. ಸಾಧನದ ಆವೃತ್ತಿಯು ಕ್ಲಸ್ಟರ್‌ನ ಆವೃತ್ತಿಗಿಂತ ಒಂದು ಮೈನರ್ ಆವೃತ್ತಿಯಷ್ಟು (ಆವೃತ್ತಿಯಲ್ಲಿ ಮೊದಲ ಚುಕ್ಕಿಯ ನಂತರದ ಸಂಖ್ಯೆ) ಮಾತ್ರ ಹಿಂದೆ ಅಥವಾ ಮುಂದೆ ಇರಬಹುದು. ಕ್ಲಸ್ಟರ್‌ನಲ್ಲಿ ಏನಾಯಿತೆಂದು ದಾಖಲಿಸುವ ಇವೆಂಟ್‌ಗಳು ಸಾಮಾನ್ಯವಾಗಿ 1 ಗಂಟೆ ಮಾತ್ರ ಉಳಿಯುವುದರಿಂದ, ಕರೆಂಟ್ ಬಂದ ಮೇಲೆ ನೋಡೋಣವೆಂದು ತಡಮಾಡಿದರೆ ದೋಷದ ಕಾರಣವೇ ಕೈತಪ್ಪುತ್ತದೆ. ಬಿದ್ದ ಕಂಟೇನರಿನ (ಪಾಡ್‌ನೊಳಗೆ ಅಪ್ಲಿಕೇಶನ್ ಓಡುವ ಪೊಟ್ಟಣ) ಲಾಗನ್ನಾದರೂ ‘ಪ್ರೀವಿಯಸ್’ ಆಯ್ಕೆಯಿಂದ ತೆಗೆದಿಡಬೇಕು.

ಹೊಸಬರು ‘ಎಕ್ಸ್‌ಪ್ಲೇನ್’ ಆದೇಶವನ್ನು ಮೊದಲೇ ಕಲಿಯಲಿ ಎಂಬುದು ನನ್ನ ಆಸೆ. ಬ್ರೌಸರಿನಲ್ಲಿ ಒಂದು ಪುಟವೂ ತೆರೆದುಕೊಳ್ಳದ ಮಳೆಯ ದಿನಗಳಲ್ಲೂ, ಅಪ್ಲಿಕೇಶನ್ ಹೇಗೆ ಓಡಬೇಕೆಂದು ಬರೆದಿಡುವ ಡಿಪ್ಲಾಯ್‌ಮೆಂಟ್ ಫೈಲಿನ ಯಾವ ಸಾಲಿಗೆ ಏನು ಅರ್ಥವೆಂದು ಅದು ಟರ್ಮಿನಲ್‌ನಲ್ಲೇ ನನಗೆ ತಿಳಿಸಿದೆ.