ಪುಣೆಯ ಅಕ್ಷಾಂಶಕ್ಕೆ ಒಗ್ಗಿಸಿಕೊಂಡ ಮೋಟಾರ್ ಮೌಂಟ್: ಆರು ಚಳಿಗಾಲಗಳ ಬಳಕೆಯ ನಂತರ

2020ರ ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಹತ್ತಿರಕ್ಕೆ ಬಂದಿದ್ದವು. ಕೋಥರೂಡಿನ ನಮ್ಮ ಸೊಸೈಟಿಯ ಟೆರೇಸಿನಲ್ಲಿ ಮಾಸ್ಕ್ ಹಾಕಿಕೊಂಡ ಹದಿನೈದು ಮಂದಿ ಅಂತರ ಬಿಟ್ಟು ಸಾಲಿನಲ್ಲಿ ನಿಂತಿದ್ದರು. ಎಂಟು ಗಂಟೆಯ ಸುಮಾರಿಗೆ ಎರಡೂ ಗ್ರಹಗಳು ಮುಳುಗುತ್ತವೆ, ಸಮಯ ಕಡಿಮೆ. ಮೂರನೇ ಮನೆಯ ಹುಡುಗಿ ಕಣ್ಣಿಟ್ಟು, "ಕಾಕಾ, ಏನೂ ಕಾಣಿಸುತ್ತಿಲ್ಲ" ಎಂದಳು. ಗ್ರಹಗಳು ಅಂಚಿಗೆ ಸರಿದುಹೋಗಿದ್ದವು. ಅವನ್ನು ನಡುವಿಗೆ ತರಲು ಕೈಯಲ್ಲಿದ್ದ ಕಂಟ್ರೋಲರಿನ ಗುಂಡಿ ಒತ್ತಿದೆ. ಮೋಟಾರ್ ಗುನುಗಿತು, ದೂರದರ್ಶಕ ಅಲುಗಲಿಲ್ಲ. ಮನಸ್ಸಿನಲ್ಲೇ ಎಣಿಸಿದೆ: ಹನ್ನೊಂದು ಎಣಿಸುವವರೆಗೂ ಏನೂ ಇಲ್ಲ. ಆಮೇಲೆ ಒಮ್ಮೆಲೇ ಜಿಗಿದು ಎರಡೂ ಗ್ರಹಗಳು ಇನ್ನೊಂದು ಅಂಚು ದಾಟಿಹೋದವು. ಅಂದು ನಾಲ್ಕು ಜನ ನೋಡದೆಯೇ ಕೆಳಗಿಳಿದರು. ಅದು ನನಗೆ ಇಂದಿಗೂ ಬೇಸರದ ಸಂಗತಿ.

ದೂರದರ್ಶಕವನ್ನು ಹೊತ್ತು ಆಕಾಶದ ಚಲನೆಯ ಜೊತೆ ತಿರುಗಿಸುವ ಪೀಠವೇ ಮೌಂಟ್. ನನ್ನದು ಇಕ್ಯೂ5 ಎಂಬ ವರ್ಗದ್ದು. ಎರಡೂ ಅಕ್ಷಗಳಿಗೆ ಮೋಟಾರ್ ಇದೆ, ಆಕಾಶಕಾಯದ ಹೆಸರು ಆರಿಸಿದರೆ ತಾನೇ ತಿರುಗಿ ಹುಡುಕಿಕೊಡುವ ಕಂಟ್ರೋಲರ್ ಇದೆ. 2019ರ ನವೆಂಬರಿನಲ್ಲಿ ಕೊಂಡದ್ದು. ಮೇಲೆ ಕೂರುವುದು ಆರು ಇಂಚಿನ ಕನ್ನಡಿಯ ನ್ಯೂಟೋನಿಯನ್ ದೂರದರ್ಶಕ, ತೂಕ ಸುಮಾರು 6 ಕಿಲೋ. ಈ ವರ್ಗದ ಮೌಂಟುಗಳನ್ನು ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ವಿನ್ಯಾಸದಲ್ಲಿ ಮಾಡುವುದರಿಂದ ನಾನು ಬರೆಯುವುದರಲ್ಲಿ ಬಹುಪಾಲು ನಿಮ್ಮದಕ್ಕೂ ಹೊಂದುತ್ತದೆ.

ಮೊದಲು ಆ ಹನ್ನೊಂದು ಎಣಿಕೆಯ ವಿಷಯ. ಪ್ರತಿ ಅಕ್ಷದಲ್ಲೂ ಹಲ್ಲಿನ ದೊಡ್ಡ ಚಕ್ರವಿದೆ, ಅದಕ್ಕೆ ತಾಗಿ ತಿರುಪಿನಂಥ ಒಂದು ಸಣ್ಣ ದಂಡ. ಇದೇ ವರ್ಮ್. ಮೋಟಾರ್ ವರ್ಮನ್ನು ತಿರುಗಿಸುತ್ತದೆ, ವರ್ಮ್ ಚಕ್ರವನ್ನು ನೂಕುತ್ತದೆ. ಇವೆರಡರ ನಡುವೆ ಸಂದು ಹೆಚ್ಚಾದರೆ, ದಿಕ್ಕು ಬದಲಿಸಿದಾಗ ವರ್ಮ್ ಆ ಸಂದನ್ನು ದಾಟುವವರೆಗೆ ಮೋಟಾರ್ ಬರಿದೇ ಸುತ್ತುತ್ತದೆ. ಇದನ್ನೇ ಬ್ಯಾಕ್‌ಲ್ಯಾಶ್ ಎನ್ನುವುದು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಜನವರಿಯಲ್ಲಿ ಒಂದು ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಬಿಚ್ಚಲು ಕುಳಿತೆ.

ಬಿಚ್ಚುವವರಿಗೆ ಒಂದು ಮಾತು: ಇಡ್ಲಿ ತಟ್ಟೆ ಇಟ್ಟುಕೊಳ್ಳಿ. ಒಂದೊಂದು ಕುಳಿಯಲ್ಲಿ ಒಂದೊಂದು ಹಂತದ ತಿರುಪು, ವಾಷರುಗಳನ್ನು ಕಳಚಿದ ಕ್ರಮದಲ್ಲೇ ಹಾಕುತ್ತಾ ಹೋದರೆ ಜೋಡಿಸುವಾಗ ಗೊಂದಲವಿಲ್ಲ. ವಾಷರಿನ ಯಾವ ಮುಖ ಮೇಲಿತ್ತು ಎಂಬುದಕ್ಕೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಒಳಗಿದ್ದ ಗ್ರೀಸ್ ಹಳೆಯ ಬೆಲ್ಲದ ಪಾಕದಂತೆ ಅಂಟಂಟಾಗಿತ್ತು. ಬೆರಳಿಗೆ ಹಚ್ಚಿ ಕಿಟಕಿಯ ಬೆಳಕಿಗೆ ಹಿಡಿದರೆ ಲೋಹದ ಹುಡಿ ಮಿನುಗುತ್ತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ಪ್ರತಿ ಹಲ್ಲನ್ನೂ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಲಿಥಿಯಂ ಗ್ರೀಸನ್ನು ತೆಳುವಾಗಿ ಹಚ್ಚಿದೆ. ಹಿಮ ಬೀಳುವ ದೇಶದವರು ಬಳಸುವ ದುಬಾರಿ ಗ್ರೀಸ್ ನಮಗೆ ಬೇಕಿಲ್ಲ. ಆದರೆ ಅಕ್ಷವನ್ನು ಬಿಗಿಹಿಡಿಯುವ ಕ್ಲಚ್ಚಿನ ಮೇಲ್ಮೈಗೆ ಒಂದು ಹನಿ ಗ್ರೀಸೂ ತಾಗಬಾರದು. ತಾಗಿದರೆ ದೂರದರ್ಶಕ ತಾನಾಗಿ ಜಾರುತ್ತದೆ.

ನಿಜವಾದ ಕೆಲಸ ಇದಾದ ಮೇಲಿನದು. ವರ್ಮಿನ ಪೆಟ್ಟಿಗೆಯನ್ನು ಚಕ್ರದತ್ತ ನೂಕಲು, ಹಿಂದಕ್ಕೆ ಎಳೆಯಲು ಒಂದಕ್ಕೊಂದು ಎದುರಾಗಿ ಕೆಲಸ ಮಾಡುವ ಸಣ್ಣ ತಿರುಪುಗಳಿವೆ. ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿಯಬೇಕು. ಮೊದಲ ಸಲ ಅಲೆನ್ ಕೀಯನ್ನು ಕಾಲು ಸುತ್ತು ತಿರುಗಿಸಿದೆ, ಸಂದು ಪೂರ್ತಿ ಹೋಯಿತು, ಸಂತೋಷವಾಯಿತು. ರಾತ್ರಿ ಟೆರೇಸಿನಲ್ಲಿ ಅರ್ಧ ಆಕಾಶ ದಾಟುವಷ್ಟರಲ್ಲಿ ಮೋಟಾರ್ ನರಳಿ ನಿಂತುಬಿಟ್ಟಿತು. ಕಾರಣ, ಚಕ್ರ ಪೂರ್ತಿ ದುಂಡಗಿರುವುದಿಲ್ಲ. ಒಂದು ಕಡೆ ಸಡಿಲವಿದ್ದದ್ದು ಇನ್ನೊಂದು ಕಡೆ ಬಿಗಿಯಾಗುತ್ತದೆ. ಆದ್ದರಿಂದ ಮೋಟಾರಿನ ಗೇರ್ ಕಳಚಿ ವರ್ಮನ್ನು ಬೆರಳಿನಿಂದಲೇ ತಿರುಗಿಸುತ್ತಾ ಅಕ್ಷವನ್ನು ಒಂದು ಪೂರ್ತಿ ಸುತ್ತು ತನ್ನಿ. ಎಲ್ಲಿ ಬೆರಳಿಗೆ ಹೆಚ್ಚು ಬಿಗಿ ಎನಿಸುತ್ತದೋ ಅಲ್ಲಿ ಮಾರ್ಕರಿನಿಂದ ಗುರುತು ಹಾಕಿ. ಹೊಂದಾಣಿಕೆ ಮಾಡಬೇಕಾದದ್ದು ಆ ಗುರುತಿನಲ್ಲೇ, ಅದೂ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ. ಮೂರು ಸಂಜೆ ಹಿಡಿಯಿತು. ಹನ್ನೊಂದು ಇದ್ದ ಎಣಿಕೆ ಎರಡಕ್ಕೆ ಬಂತು. ಸೊನ್ನೆಗೆ ತರಲು ಹೋಗಬೇಡಿ.

ಮೋಟಾರ್ ಮತ್ತು ವರ್ಮಿನ ನಡುವಿನ ಸಣ್ಣ ಗೇರುಗಳಿಗೆ ಸುಲಭದ ಉಪಾಯವಿದೆ. ಹಲ್ಲುಗಳ ನಡುವೆ ತೆಳುಕಾಗದದ ಒಂದು ಪಟ್ಟಿ ಸೇರಿಸಿ, ಗೇರುಗಳನ್ನು ಒತ್ತಿಹಿಡಿದು ತಿರುಪು ಬಿಗಿದು, ಆಮೇಲೆ ಕಾಗದ ಎಳೆದುಬಿಡುವುದು. ಅಷ್ಟೇ ಸಂದು ಸಾಕು. ಗೇರನ್ನು ಹಿಡಿದಿರುವ ಪುಟ್ಟ ತಿರುಪು ತಿಂಗಳುಗಟ್ಟಲೆ ಅದುರಿ ಅದುರಿ ಸಡಿಲವಾಗುತ್ತದೆ, ಆಗಲೂ ಮೋಟಾರಿನ ಸದ್ದು ಮಾತ್ರ ಕೇಳಿಸುತ್ತದೆ. ಮನೆಯಲ್ಲಿದ್ದ ಉಗುರುಬಣ್ಣದ ಒಂದು ಹನಿ ಅದನ್ನು ಮೂರು ವರ್ಷದಿಂದ ಹಿಡಿದಿಟ್ಟಿದೆ.

ಎರಡನೇ ತೊಂದರೆ ನಮ್ಮ ಊರಿನದೇ. ಪುಣೆಯ ಅಕ್ಷಾಂಶ ಸುಮಾರು 18.5 ಡಿಗ್ರಿ, ಆದ್ದರಿಂದ ಧ್ರುವ ಅಕ್ಷವನ್ನೂ (ಎರಡು ಅಕ್ಷಗಳಲ್ಲಿ ಆಕಾಶದ ಧ್ರುವದತ್ತ ಮುಖಮಾಡುವುದು) ನೆಲದಿಂದ ಅಷ್ಟೇ ಎತ್ತರಕ್ಕೆ ತೋರಿಸಬೇಕು. ಇಷ್ಟು ವಾಲಿಸಿದರೆ ಭಾರವೆಲ್ಲ ಉತ್ತರಕ್ಕೆ ಚಾಚಿಕೊಳ್ಳುತ್ತದೆ, ಎತ್ತರ ಹೊಂದಿಸುವ ಬೋಲ್ಟ್ ಅದನ್ನು ಒಂಟಿಯಾಗಿ ಹೊರುತ್ತದೆ. ನನ್ನದು ಎರಡನೇ ಚಳಿಗಾಲದಲ್ಲೇ ಬಾಗಿತು. ಬೊಹ್ರಿ ಆಳಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಕೊಂಡು ಭೋಸರಿಯ ಒಂದು ಲೇತ್ ಅಂಗಡಿಗೆ ಒಯ್ದೆ. ಅಲ್ಲಿದ್ದ ಟರ್ನರ್ ಚಿಕ್ಕೋಡಿ ಕಡೆಯವರು. ಬಾಗಿದ್ದನ್ನು ಕೈಯಲ್ಲಿ ಹೊರಳಿಸಿ ನೋಡಿ, "ಸರ್, ನೀವು ಭಾರ ಮೇಲಿಟ್ಟುಕೊಂಡೇ ಇದನ್ನು ತಿರುಗಿಸಿದ್ದೀರಿ, ಅಲ್ಲವೇ?" ಎಂದರು. ಹೌದು, ಹಾಗೆಯೇ ಮಾಡುತ್ತಿದ್ದೆ. ಗಟ್ಟಿ ಉಕ್ಕು ಎದುರಿನ ಮೆದು ಎರಕವನ್ನು ಕೊರೆಯಬಾರದೆಂದು ಅವರೇ ಬೋಲ್ಟಿನ ತುದಿಗೆ ಹಿತ್ತಾಳೆಯ ಗುಂಡುತಲೆ ಕೂರಿಸಿಕೊಟ್ಟರು. ಅಂದಿನಿಂದ ದೂರದರ್ಶಕವನ್ನೂ ಅದಕ್ಕೆ ಎದುರುಭಾರವಾಗಿ ದಂಡಕ್ಕೆ ಹಾಕುವ ತೂಕದ ಬಿಲ್ಲೆಗಳನ್ನೂ ಇಳಿಸಿ ಒರಟಾಗಿ ಎತ್ತರ ಹೊಂದಿಸುತ್ತೇನೆ. ಕೊನೆಯ ಸಣ್ಣ ತಿದ್ದುಪಡಿಗೆ ಮಾತ್ರ ಭಾರ ಮೇಲಿರುತ್ತದೆ, ಆಗಲೂ ಒಂದು ಕೈಯಿಂದ ಮೌಂಟಿನ ತಲೆಯನ್ನು ಎತ್ತಿಹಿಡಿದಿರುತ್ತೇನೆ.

ಇದೇ ಅಕ್ಷಾಂಶದಿಂದ ಬರುವ ಇನ್ನೊಂದು ಕಿರಿಕಿರಿ, ತೂಕದ ದಂಡ ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುವುದು. ತಲೆ ಮತ್ತು ಟ್ರೈಪಾಡಿನ ನಡುವೆ ಒಂದು ಗಿಡ್ಡ ಕೊಳವೆ ಸೇರಿಸಿದ ಮೇಲೆ ಅದು ನಿಂತಿತು. ಪುಣೆ, ಮುಂಬೈ, ಗೋವಾದಲ್ಲಿರುವವರು ಮೌಂಟ್ ಜೊತೆಗೇ ಈ ಕೊಳವೆಯನ್ನೂ ಕೊಂಡುಬಿಡಿ.

ಧ್ರುವ ನಕ್ಷತ್ರ ನನ್ನ ಟೆರೇಸಿನಿಂದ ಕಾಣುವುದಿಲ್ಲ, ಉತ್ತರಕ್ಕೆ ಇಪ್ಪತ್ತು ಅಂತಸ್ತಿನ ಕಟ್ಟಡ ಎದ್ದಿದೆ. ಕಂಡರೂ ಅದು ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗೂ ಹೆಚ್ಚು ಆಚೆ ಇದೆ. ಆದ್ದರಿಂದ ನಕ್ಷತ್ರದ ಜರುಗುವಿಕೆ ನೋಡಿ ಅಕ್ಷ ಹೊಂದಿಸುವುದನ್ನು ಕಲಿತೆ. ಇದು ನನಗೆ ಬಲು ಪ್ರಿಯವಾದ ಕೆಲಸ. ಜನವರಿ ನಡುವಿನ ರಾತ್ರಿ ಹತ್ತೂವರೆಯ ಸುಮಾರಿಗೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿ ದಕ್ಷಿಣೋತ್ತರ ರೇಖೆಗೆ ಬರುತ್ತದೆ. ಪಟ್ಟಿಯ ಪಶ್ಚಿಮದ ನಕ್ಷತ್ರ ಮಿಂಟಾಕಾ ಖಗೋಳದ ವಿಷುವದ್ವೃತ್ತದ, ಅಂದರೆ ಭೂಮಿಯ ವಿಷುವದ್ವೃತ್ತದ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಯ, ಮೇಲೆಯೇ ಇದೆ ಎನ್ನಬಹುದು. ಅದನ್ನು ಅಡ್ಡಗೆರೆಯ ಐಪೀಸಿನ (ಕಣ್ಣಿಟ್ಟು ನೋಡುವ ಮಸೂರದ) ನಡುವಿನಲ್ಲಿಟ್ಟು ಮೋಟಾರ್ ಓಡಿಸಿ, ಐದು ನಿಮಿಷ ಏನನ್ನೂ ಮುಟ್ಟದೆ ನೋಡಿ. ನಕ್ಷತ್ರ ದಕ್ಷಿಣಕ್ಕೆ ಜರುಗಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ, ಉತ್ತರಕ್ಕೆ ಜರುಗಿದರೆ ಪಶ್ಚಿಮಕ್ಕೆ. ಅದನ್ನು ತಿದ್ದಿ, ಪೂರ್ವದಲ್ಲಿ ಕೆಳಗಿರುವ ಮಖಾ ನಕ್ಷತ್ರಕ್ಕೆ ಬನ್ನಿ. ಅದು ದಕ್ಷಿಣಕ್ಕೆ ಜರುಗಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜರುಗಿದರೆ ಎತ್ತರವಾಗಿದೆ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಗೆರೆಯ ಮೇಲಿನ ನಕ್ಷತ್ರ ಮೊಳೆ ಹೊಡೆದಂತೆ ನಿಲ್ಲುತ್ತದೆ. ಚಕ್ರಕ್ಕೆ 144 ಹಲ್ಲು ಇರುವುದರಿಂದ ವರ್ಮಿನ ಒಂದು ಸುತ್ತಿಗೆ ಹತ್ತು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ಆ ಅವಧಿಯಲ್ಲಿ ನಕ್ಷತ್ರ ಪೂರ್ವ ಪಶ್ಚಿಮವಾಗಿ ತುಸು ಹೋಗಿ ಬಂದರೆ ಅದು ವರ್ಮಿನ ಗುಣ, ಅಕ್ಷದ ತಪ್ಪಲ್ಲ. ಪೂರ್ವದ ಬದಿಗೆ ಒಂದಿಷ್ಟು ಹೆಚ್ಚು ಭಾರ ಇರುವಂತೆ ತೂಗಿಸಿದರೆ ಹಲ್ಲು ಸದಾ ಒಂದೇ ಬದಿಗೆ ಒರಗಿದ್ದು ಓಟ ನಯವಾಗುತ್ತದೆ.

ವಿದ್ಯುತ್ತಿಗೆ 12 ವೋಲ್ಟಿನ, 7 ಆಂಪಿಯರ್ ಗಂಟೆಯ ಯುಪಿಎಸ್ ಬ್ಯಾಟರಿ ಸಾಕು. ಎರಡೂ ಮೋಟಾರ್ ವೇಗವಾಗಿ ತಿರುಗುವಾಗ ಕಂಟ್ರೋಲರ್ ಆರಿ ಹೊತ್ತಿಕೊಂಡರೆ ತಂತಿ ತೆಳುವಾಗಿದೆ ಎಂದು ಅರ್ಥ. ತಾಪ್ಕೀರ್ ಗಲ್ಲಿಯಲ್ಲಿ ದಪ್ಪ ತಂತಿಯದನ್ನು ಮಾಡಿಸಿಕೊಂಡೆ. ಸಮಯವಲಯವನ್ನು ಐದೂವರೆ ಗಂಟೆ ಎಂದೇ ನಮೂದಿಸಬೇಕು. ಬರೀ ಐದು ಎಂದರೆ ದೂರದರ್ಶಕ ಏಳೂವರೆ ಡಿಗ್ರಿ ಆಚೆ ನೋಡುತ್ತದೆ. ನನ್ನ ಕಂಟ್ರೋಲರ್ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಕೇಳುತ್ತದೆ, ಅದನ್ನೂ ಗಮನಿಸಿ.

ಮಳೆಗಾಲದ ನಾಲ್ಕು ತಿಂಗಳು ಮೌಂಟ್ ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇರುತ್ತದೆ. ನೀಲಿ ಕಾಳು ಗುಲಾಬಿಯಾದಾಗ ಹುರಿದು ಮತ್ತೆ ಹಾಕುತ್ತೇನೆ, ಆ ಬಾಣಲೆಯನ್ನು ಅಡುಗೆಗೆ ಬಳಸುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಎರಡೂ ಅಕ್ಷಗಳನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತೇನೆ, ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತೇನೆ.

ಐದರಲ್ಲಿ ನಾಲ್ಕು ಅಂಕ. ಒಂದನ್ನು ಆ ಬೋಲ್ಟಿಗಾಗಿ ಕಳೆದಿದ್ದೇನೆ. ನಮ್ಮ ಅಕ್ಷಾಂಶದಲ್ಲಿ ಮಾರುವ ಸಾಮಾನು ನಮ್ಮ ಅಕ್ಷಾಂಶದ ಭಾರ ಹೊರಬೇಕು. ಅಲೆನ್ ಕೀ ಹಿಡಿಯಲು ಮನಸ್ಸಿಲ್ಲದವರಿಗೆ ಇದನ್ನು ಹೇಳಲಾರೆ. ಕಲಿಯುವ ಮನಸ್ಸಿದ್ದವರು ಧೈರ್ಯವಾಗಿ ಕೊಳ್ಳಬಹುದು. ಪುಣೆಯಲ್ಲಿ 1944ರಿಂದಲೂ ಹವ್ಯಾಸಿಗಳ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಇದೆ, ಆಕಾಶ ನೋಡುವವರ ಒಡನಾಟಕ್ಕೆ ಇಲ್ಲಿ ಕೊರತೆಯಿಲ್ಲ. ಕಳೆದ ಜನವರಿಯಲ್ಲಿ ಅದೇ ಮೂರನೇ ಮನೆಯ ಹುಡುಗಿ, ಈಗ ಒಂಬತ್ತನೇ ತರಗತಿ, ಗುರುವನ್ನು ಇಪ್ಪತ್ತು ನಿಮಿಷ ನೋಡುತ್ತಾ ಅದರ ನಾಲ್ಕು ಚಂದ್ರರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಷ್ಟು ಹೊತ್ತೂ ನಾನು ಕಂಟ್ರೋಲರ್ ಮುಟ್ಟಬೇಕಾಗಲಿಲ್ಲ.