'ಫುಲ್' ಅಂದರೂ ಸೀಟು ಸಿಗುತ್ತೆ: ಕಮ್ಯುನಿಟಿ ಕಾಲೇಜಿನ ವೇಟ್‌ಲಿಸ್ಟ್‌ಗೆ ನನ್ನ ಮೂರೂವರೆ ಸ್ಟಾರ್

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ (ಹೆಚ್ಚಾಗಿ ಎರಡು ವರ್ಷದ ಕೋರ್ಸುಗಳ ಸರ್ಕಾರಿ ಕಾಲೇಜು) ಅನಾಟಮಿ ಕ್ಲಾಸಿಗೆ ಸೀಟು ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನರ್ಸಿಂಗ್‌ಗೆ ಹೋಗುವವರಿಗೂ ಇದೇ ಕ್ಲಾಸು ಬೇಕು, ಡೆಂಟಲ್ ಹೈಜೀನ್‌ಗೆ ಹೋಗುವವರಿಗೂ ಇದೇ ಬೇಕು. ಲ್ಯಾಬಿನಲ್ಲಿ ಇರುವ ಸ್ಟೂಲುಗಳೋ ಎಣಿಸಿಟ್ಟಷ್ಟೇ. ರಿಜಿಸ್ಟ್ರೇಷನ್ ಶುರುವಾದ ಸ್ವಲ್ಪ ಹೊತ್ತಿಗೆ 'ಫುಲ್' ಅಂತ ಬಂದುಬಿಡುತ್ತೆ. ಮಾಜಿ ಸೈನಿಕರು, ವಿಶೇಷಚೇತನರು, ಫಾಸ್ಟರ್ ಕೇರ್‌ನಲ್ಲಿ, ಅಂದರೆ ಹೆತ್ತವರ ಬದಲು ಸರ್ಕಾರ ಗೊತ್ತುಮಾಡಿದವರ ಆಸರೆಯಲ್ಲಿ ಬೆಳೆದ ಮಕ್ಕಳು, ಇವರಿಗೆಲ್ಲ ಇಲ್ಲಿ ಮೊದಲ ಸರದಿ. ಅದು ನ್ಯಾಯವೇ. ದಾವಣಗೆರೆಯಲ್ಲಿ ಬಿಎಸ್‌ಸಿ ಮುಗಿಸಿ, ಮದುವೆಯಾಗಿ ಎಚ್-4 ವೀಸಾದಲ್ಲಿ ಬಂದ ನನ್ನಂಥವಳ ಸರದಿ ಬರುವಷ್ಟರಲ್ಲಿ ಸೀಟು ಖಾಲಿಯಾಗಿತ್ತು.

ಮೊದಲು ದುಡ್ಡಿನ ಮಾತು. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ (ನಮ್ಮಲ್ಲಿ ಕ್ರೆಡಿಟ್ ಅಂತಾರಲ್ಲ, ಅದು) 46 ಡಾಲರ್, 2012ರಿಂದಲೂ ಇದೇ ದರ. ನನ್ನ ಕ್ಲಾಸು 5 ಯೂನಿಟ್, ಅಂದರೆ 230 ಡಾಲರ್, ಅದರ ಮೇಲೆ ಚಿಲ್ಲರೆ ಫೀಸುಗಳು. ಎಚ್-4ನವರೂ ವರ್ಷಕ್ಕಿಂತ ಜಾಸ್ತಿ ಇಲ್ಲೇ ಇದ್ದೇವೆ ಅಂತ ದಾಖಲೆ ಕೊಟ್ಟರೆ ಈ ದರ ಸಿಗುತ್ತೆ. ಕೊಡದಿದ್ದರೆ ಹಲವು ಪಟ್ಟು. ವೇಟ್‌ಲಿಸ್ಟ್‌ಗೆ ಹೆಸರು ಕೊಡಲು ಮಾತ್ರ ಒಂದು ಪೈಸೆ ಇಲ್ಲ.

ವೇಟ್‌ಲಿಸ್ಟ್ ಅಂದರೆ ನಮ್ಮ ರೈಲಿನ ಡಬ್ಲ್ಯುಎಲ್ ಟಿಕೆಟ್ಟೇ. ಮುಂದಿರುವವರು ಬಿಟ್ಟರೆ ನಮ್ಮ ನಂಬರ್ ಮೇಲೆ ಹೋಗುತ್ತೆ. ನನ್ನದು 9. ವಾರಗಟ್ಟಲೆ ಅಲ್ಲಾಡಲಿಲ್ಲ. ಫೀಸು ಕಟ್ಟದವರನ್ನು ಕಾಲೇಜೇ ತೆಗೆದುಹಾಕುವ ಒಂದು ದಿನ ಇರುತ್ತೆ. ಅವತ್ತು ರಾತ್ರಿ ನೋಡಿದರೆ 4ಕ್ಕೆ ಬಂದಿತ್ತು. ಆ ತಾರೀಖು ಕಾಲೇಜಿನ ಕ್ಯಾಲೆಂಡರಿನಲ್ಲೇ ಇರುತ್ತೆ, ಗುರುತು ಹಾಕಿಕೊಳ್ಳಿ.

ಇಲ್ಲಿವರೆಗೆ ಸೇವೆ ಚೆನ್ನಾಗಿದೆ. ಈಗ ಬೈಗುಳ. ಪ್ರೀರಿಕ್ವಿಸಿಟ್, ಅಂದರೆ ಈ ಕ್ಲಾಸಿಗೆ ಮೊದಲು ಓದಿರಲೇಬೇಕಾದ ವಿಷಯ, ಕ್ಲಿಯರ್ ಆಗದೆ ವೇಟ್‌ಲಿಸ್ಟ್‌ಗೂ ಸೇರಿಸುವುದಿಲ್ಲ. ನಮ್ಮ ಯೂನಿವರ್ಸಿಟಿ ಮಾರ್ಕ್ಸ್‌ಕಾರ್ಡ್ ತೋರಿಸಿದರೆ ಸಾಲದು. ವಿದೇಶಿ ಡಿಗ್ರಿಗಳನ್ನು ಇಲ್ಲಿನ ಲೆಕ್ಕಕ್ಕೆ ತೂಗಿ ಹೇಳುವ ಡಬ್ಲ್ಯುಇಎಸ್ ಥರದ ಸಂಸ್ಥೆಯಿಂದ ಪ್ರತಿ ವಿಷಯವನ್ನೂ ಬಿಡಿಸಿ ಬರೆದ ರಿಪೋರ್ಟ್ ಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ರಿಪೋರ್ಟ್ ಕೊಟ್ಟ ಮೇಲೂ ನನ್ನ ಫೈಲು ಕೌಂಟರಿನಲ್ಲಿ ಸುಮ್ನೆ ಬಿದ್ದಿತ್ತು. ಫೋನ್ ಮಾಡಿದರೆ ಈಮೇಲ್ ಮಾಡಿ ಅಂತಾರೆ, ಈಮೇಲ್ ಮಾಡಿದರೆ ಉತ್ತರವೇ ಇಲ್ಲ. ಕೊನೆಗೆ ಕೌಂಟರ್ ಮುಂದೆ ಹೋಗಿ ನಿಂತೆ, ಅಲ್ಲೇ ನಿಂತಂತೆ ಕ್ಲಿಯರ್ ಮಾಡಿಕೊಟ್ಟರು. ಇಷ್ಟು ಸಲೀಸಾಗಿ ಆಗುವ ಕೆಲಸಕ್ಕೆ ಅಷ್ಟು ಕಾಯಿಸಬೇಕಿತ್ತಾ?

ಇನ್ನೊಂದು ಕಿರಿಕಿರಿ. ಸೀಟು ಖಾಲಿಯಾದಾಗ ನೀವು ಅದೇ ಹೊತ್ತಿನ ಬೇರೆ ಕ್ಲಾಸಿಗೆ ಸೇರಿದ್ದರೆ ಸಿಸ್ಟಮ್ ನಿಮ್ಮನ್ನು ದಾಟಿ ಮುಂದಿನವರಿಗೆ ಕೊಟ್ಟುಬಿಡುತ್ತೆ. ನನ್ನ ಮುಂದಿದ್ದ ಹುಡುಗಿಗೆ ಹಾಗೇ ಆಗಿದೆ.

ಕ್ಲಾಸು ಶುರುವಾಗುವ ಹಿಂದಿನ ರಾತ್ರಿ ನಾನು ಇನ್ನೂ ಪಟ್ಟಿಯಲ್ಲೇ. 'ಫುಲ್ ಅಂತ ತೋರಿಸ್ತಿದೆಯಲ್ಲ, ಸುಮ್ನೆ ಯಾಕೆ ಅಲ್ಲೀತನಕ ಹೋಗ್ತೀಯ' ಅಂದರು ನಮ್ಮ ಯಜಮಾನರು. ನಾನು ಹೋದೆ. ನೀವೂ ಹೋಗಲೇಬೇಕು, ಯಾಕೆಂದರೆ ಮೊದಲ ದಿನದಿಂದ ಕಂಪ್ಯೂಟರ್ ಆಟ ಮುಗಿಯಿತು. ಇನ್ನೇನಿದ್ದರೂ ಮೇಷ್ಟ್ರ ಕೈಯಲ್ಲಿ.

ಲ್ಯಾಬಿನಲ್ಲಿ ಸೀಟು ಇದ್ದವರು ಕರಿ ಮೇಜುಗಳ ಸುತ್ತ ಸ್ಟೂಲಿನ ಮೇಲೆ. ನಾವು ಒಂದಷ್ಟು ಜನ ಗೋಡೆಗೆ ಒರಗಿ, ಪ್ಲಾಸ್ಟಿಕ್ ಅಸ್ಥಿಪಂಜರದ ಪಕ್ಕ. ಮೇಡಂ ಹಾಜರಿ ಕರೆದರು. ಉತ್ತರ ಬರದ ಹೆಸರಿಗೆ ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ. ಒಂದೊಂದು ಚುಕ್ಕೆ ಬಿದ್ದಾಗಲೂ ಗೋಡೆ ಸಾಲಿನಲ್ಲಿ ಎಲ್ಲರೂ ನೆಟ್ಟಗಾಗುತ್ತಿದ್ದೆವು. ಇನ್ನೊಬ್ಬರ ಗೈರುಹಾಜರಿಗೆ ಇಷ್ಟು ಖುಷಿಪಟ್ಟಿದ್ದು ಜೀವನದಲ್ಲೇ ಮೊದಲು. ಆಮೇಲೆ ಅದೇ ಚುಕ್ಕೆ ಹೆಸರುಗಳನ್ನು ಇನ್ನೊಮ್ಮೆ ಕರೆದು, ಗೀಟು ಎಳೆದು, ವೇಟ್‌ಲಿಸ್ಟ್ ಓದಿದರು. ನಂಬರ್ 1 ಇದ್ದ, 2 ಬಂದೇ ಇರಲಿಲ್ಲ. 3 ಸಿಕ್ಕಿತು. ನಾನು ಕೈ ಎತ್ತಿದೆ. ಚೀಟಿಯಲ್ಲಿ ಬರೆದ ಆ್ಯಡ್ ಕೋಡ್, ಅಂದರೆ ಕ್ಲಾಸಿಗೆ ಸೇರಲು ಬೇಕಾದ ಅನುಮತಿ ಕೋಡ್, ಕೈಗೆ ಬಂತು. ನನ್ನ ಹಿಂದಿದ್ದವರಲ್ಲಿ ಒಬ್ಬ ತುಂಬಾ ಬೇಡಿಕೊಂಡ. ಫೈರ್ ಸೇಫ್ಟಿ ಲೆಕ್ಕ ಇದೆ, ಸ್ಟೂಲಿಗಿಂತ ಜಾಸ್ತಿ ಜನ ಆಗಲ್ಲ ಅಂದರು ಮೇಡಂ.

ಕೋಡ್ ಸಿಕ್ಕಿತು ಅಂದರೆ ಸೇರಿದಂತೆ ಅಲ್ಲ. ಅದು ಒಬ್ಬರಿಗೆ, ಒಂದೇ ಸಲಕ್ಕೆ. ಕೊನೇ ದಿನಾಂಕದೊಳಗೆ ನೀವೇ ಪೋರ್ಟಲ್‌ನಲ್ಲಿ ಹಾಕಿ ಫೀಸು ಕಟ್ಟಬೇಕು. ನಾನು ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕೂತೇ ಮುಗಿಸಿದೆ.

ಒಂದು ಸ್ಟಾರ್ ಕಡಿತ ಆ ಕೌಂಟರಿಗೆ, ಅರ್ಧ ಸ್ಟಾರ್ ಸದ್ದಿಲ್ಲದೆ ದಾಟಿಹೋಗುವ ಸಿಸ್ಟಮ್‌ಗೆ. ಮೊದಲ ದಿನವೂ ಸಿಗಲಿಲ್ಲವಾ? ವೇಳಾಪಟ್ಟಿಯಲ್ಲಿ 'ಲೇಟ್ ಸ್ಟಾರ್ಟ್' ಅಂತ ಹುಡುಕಿ. ಕೆಲವು ವಾರ ತಡವಾಗಿ ಶುರುವಾಗುವ ಕ್ಲಾಸುಗಳು ಅಲ್ಲಿರುತ್ತವೆ. ಅನಾಟಮಿ ಇರದಿದ್ದರೂ ನಿಮ್ಮ ಕೋರ್ಸಿಗೆ ಬೇಕಾದ ಬೇರೊಂದು ವಿಷಯ ಸಿಗಬಹುದು.