ಎಲ್‌ಇಡಿ ಸ್ಟ್ರಿಪ್: ಯಾವುದನ್ನು ಕೊಳ್ಳಬೇಕು, ಎಂಥ ಪವರ್ ಸಪ್ಲೈ ಕೊಡಬೇಕು

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸ್ಟ್ರಿಪ್ ಕಣ್ಣಿಗೆ ನೇರವಾಗಿ ಕಾಣುವ ಜಾಗಕ್ಕೆ 24 ವೋಲ್ಟಿನ ಸಿಒಬಿ (ಸಣ್ಣ ಚಿಪ್‌ಗಳನ್ನು ಒತ್ತಾಗಿ ಕೂರಿಸಿದ ಸ್ಟ್ರಿಪ್), ಮರೆಯಲ್ಲಿ ಕೂತು ಬೆಳಕು ಮಾತ್ರ ಹೊರಬರುವ ಫಾಲ್ಸ್ ಸೀಲಿಂಗ್ ಅಂಚಿಗೆ 24 ವೋಲ್ಟಿನ 2835 (ಬಿಡಿಬಿಡಿ ಎಲ್‌ಇಡಿಗಳ ಸ್ಟ್ರಿಪ್). ಎರಡಕ್ಕೂ ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದಕ್ಕೆ ನೂರರ ಲೆಕ್ಕದ ಅಂಕ) 90ರ ಮೇಲಿರಲಿ, ಕೆಳಗೆ ಅಲ್ಯೂಮಿನಿಯಂ ಪ್ರೊಫೈಲ್ (ಸ್ಟ್ರಿಪ್ ಕೂರಿಸುವ ಲೋಹದ ಪಟ್ಟಿ) ಇರಲಿ, ಪವರ್ ಸಪ್ಲೈ ಲೋಡಿಗಿಂತ ಕಾಲುಭಾಗ ದೊಡ್ಡದಿರಲಿ. 12 ವೋಲ್ಟಿನದನ್ನು ಎರಡು ಮೀಟರಿಗಿಂತ ಚಿಕ್ಕ ಕೆಲಸಕ್ಕೆ, ವಾಹನದ ಒಳಗೆ, ಬ್ಯಾಟರಿಯ ಮೇಲೆ ಓಡಿಸುವಲ್ಲಿ ಇಟ್ಟುಕೊಳ್ಳಿ. ಮೇನ್ಸ್‌ಗೆ (ಮನೆಯ 230 ವೋಲ್ಟಿಗೆ) ನೇರವಾಗಿ ಸಿಗಿಸುವ ದಪ್ಪ ಪ್ಲಾಸ್ಟಿಕ್ ಕವಚದ ಸ್ಟ್ರಿಪ್ ಮನೆಯೊಳಗೆ ಬೇಡವೇ ಬೇಡ: ಅದು ಮಿನುಗುತ್ತದೆ, ಅರ್ಧ ಮೀಟರಿಗೋ ಒಂದು ಮೀಟರಿಗೋ ಒಮ್ಮೆ ಮಾತ್ರ ಕತ್ತರಿಸಬಹುದು, ಕವಚ ಸೀಳಿದರೆ ಮುಟ್ಟಿದವರಿಗೆ ಮೇನ್ಸ್ ಶಾಕ್.

ಕೊಳ್ಳುವವರು ಹೆಚ್ಚಾಗಿ ನೋಡುವುದು ಎಷ್ಟು ಪ್ರಕಾಶ, ಮೀಟರಿಗೆ ಎಷ್ಟು ಎಲ್‌ಇಡಿ ಎಂಬುದನ್ನು. ಆದರೆ ಸ್ಟ್ರಿಪ್ ವರ್ಷಗಟ್ಟಲೆ ಒಂದೇ ಸಮ ಉರಿಯುತ್ತದೋ, ಆರು ತಿಂಗಳಿಗೆ ತುದಿ ಮಂಕಾಗುತ್ತದೋ ಎಂದು ತೀರ್ಮಾನಿಸುವುದು ವೋಲ್ಟೇಜು, ತಾಮ್ರ ಮತ್ತು ಶಾಖ.

ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು. 12 ವೋಲ್ಟಿನ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿ ಸಾಲಾಗಿ 9 ವೋಲ್ಟ್ ತಿನ್ನುತ್ತವೆ, ಉಳಿದ 3 ವೋಲ್ಟ್ ರೆಸಿಸ್ಟರ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಮೀಟರಿಗೆ 60 ಎಲ್‌ಇಡಿ ಇರುವ ಸ್ಟ್ರಿಪ್‌ಗೆ 5 ಸೆಂಟಿಮೀಟರಿಗೊಂದು ಕತ್ತರಿ ಗೆರೆ. ವೈರಿನಲ್ಲಿ 1 ವೋಲ್ಟ್ ಕಳೆದುಹೋಯಿತು ಎನ್ನಿ. ಹನ್ನೆರಡರಲ್ಲಿ ಒಂದು ತಾನೆ ಎನಿಸುತ್ತದೆ. ಆದರೆ ಎಲ್‌ಇಡಿ ತನ್ನ ಪಾಲನ್ನು ಹೆಚ್ಚುಕಡಿಮೆ ಬಿಟ್ಟುಕೊಡುವುದಿಲ್ಲ, ಆ ಕೊರತೆಯೆಲ್ಲ ರೆಸಿಸ್ಟರಿನ ಪಾಲಿನ 3 ವೋಲ್ಟಿಗೆ ಬೀಳುತ್ತದೆ. ಕರೆಂಟು ಮೂರನೇ ಒಂದು ಭಾಗದ ಹತ್ತಿರ ಇಳಿಯುತ್ತದೆ. ಸ್ಟ್ರಿಪ್‌ನ ಕೊನೆ ಮಂಕಾಗಿ ಕಾಣುವುದಕ್ಕೆ ಇದೇ ಕಾರಣ. 24 ವೋಲ್ಟಿನದರಲ್ಲಿ ಆರು ಎಲ್‌ಇಡಿ ಸಾಲಾಗಿದ್ದರೆ ರೆಸಿಸ್ಟರಿನ ಮೇಲೆ 6 ವೋಲ್ಟ್ ಇರುತ್ತದೆ, ಅದೇ 1 ವೋಲ್ಟಿನ ಕೊರತೆಗೆ ಕರೆಂಟು ಆರನೇ ಒಂದು ಭಾಗ ಮಾತ್ರ ಇಳಿಯುತ್ತದೆ. ಏಳು ಎಲ್‌ಇಡಿ ಜೋಡಿಸಿದ ಸ್ಟ್ರಿಪ್‌ಗಳೂ ಇವೆ. ರೆಸಿಸ್ಟರಿನಲ್ಲಿ ವ್ಯರ್ಥವಾಗುವುದು ಕಾಲುಭಾಗದಿಂದ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ವಿದ್ಯುತ್ ಉಳಿತಾಯಕ್ಕೆ ಅವು ಒಳ್ಳೆಯವು. ಆದರೆ ರೆಸಿಸ್ಟರಿಗೆ ಉಳಿಯುವುದು ಮತ್ತೆ 3 ವೋಲ್ಟೇ ಆದ್ದರಿಂದ ವೈರಿನ ಕೊರತೆಯನ್ನು ತಡೆದುಕೊಳ್ಳುವುದಿಲ್ಲ. ಉದ್ದ ಹೆಚ್ಚಿದ್ದರೆ ಪ್ರತಿ ತುಂಡಿಗೂ ಕರೆಂಟನ್ನು ಸ್ಥಿರವಾಗಿಡುವ ಐಸಿ ಇರುವ ಸ್ಟ್ರಿಪ್ ಕೇಳಿ ತನ್ನಿ. ಮೊದಲ ಎಲ್‌ಇಡಿಗೂ ಕೊನೆಯದಕ್ಕೂ ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ವೈರಿನ ಲೆಕ್ಕ ಇದಕ್ಕಿಂತ ಕಣ್ಣು ತೆರೆಸುತ್ತದೆ. ಮೀಟರಿಗೆ 14.4 ವ್ಯಾಟಿನ 5 ಮೀಟರ್ ರೋಲು ಎಂದರೆ 72 ವ್ಯಾಟ್: 12 ವೋಲ್ಟಿನಲ್ಲಿ 6 ಆಂಪ್, 24 ವೋಲ್ಟಿನಲ್ಲಿ 3 ಆಂಪ್. ಪವರ್ ಸಪ್ಲೈ 10 ಮೀಟರ್ ದೂರದಲ್ಲಿದ್ದು 0.75 ಚದರ ಮಿಲಿಮೀಟರ್ ವೈರ್ ಎಳೆದಿದ್ದರೆ, ಹೋಗಿ ಬರುವ 20 ಮೀಟರ್ ತಾಮ್ರದ ರೋಧ ಸುಮಾರು 0.46 ಓಮ್. 6 ಆಂಪಿಗೆ 2.8 ವೋಲ್ಟ್ ದಾರಿಯಲ್ಲೇ ಮುಗಿಯಿತು. 12 ವೋಲ್ಟಿನ ಸ್ಟ್ರಿಪ್ ಅಷ್ಟಕ್ಕೆ ಅರೆಜೀವವಾಗುತ್ತದೆ. 24 ವೋಲ್ಟಿನಲ್ಲಿ ಅದೇ ವೈರಿಗೆ 1.4 ವೋಲ್ಟ್, 1.5 ಚದರ ಮಿಲಿಮೀಟರಿಗೆ ಏರಿಸಿದರೆ 0.7. ಇದಕ್ಕೇ 24 ವೋಲ್ಟ್ ಎನ್ನುವುದು.

ಸ್ಟ್ರಿಪ್‌ನ ಒಳಗಿರುವ ತಾಮ್ರವೂ ವೈರೇ. ಒಳ್ಳೆಯವರು 70 ಮೈಕ್ರಾನಿನ ತಾಮ್ರ ಹಾಕುತ್ತಾರೆ, ಅಗ್ಗದವರು 35 ಅಥವಾ ಅದಕ್ಕೂ ಕಡಿಮೆ. ಕೈಯಲ್ಲಿ ಹಿಡಿದರೆ ತೆಳ್ಳನೆಯದು ಕಾಗದದ ಹಾಗೆ ಬಾಗುತ್ತದೆ. ಹಾಗಾಗಿ 12 ವೋಲ್ಟಿಗೆ ಒಂದೇ ತುದಿಯಿಂದ 5 ಮೀಟರ್, 24 ವೋಲ್ಟಿಗೆ 10 ಮೀಟರ್ ಎಂಬ ಮಿತಿಯನ್ನು ದಾಟಬೇಡಿ. ಅದರೊಳಗೂ ಎರಡೂ ತುದಿಗೆ ಫೀಡ್ ಕೊಡಲು ಸಾಧ್ಯವಾದರೆ ಕೊಡಿ. ಎರಡೂ ಕಡೆಯಿಂದ ಕೊಟ್ಟಾಗ ಅತಿ ಹೆಚ್ಚು ಕೊರತೆ ನಡುವಿಗೆ ಬರುತ್ತದೆ, ಅದೂ ಒಂದೇ ಕಡೆಯಿಂದ ಕೊಟ್ಟಾಗಿನ ನಾಲ್ಕನೇ ಒಂದು ಭಾಗ ಮಾತ್ರ. ಎರಡು ರೋಲುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಓಡಿಸುವುದು ನಾವು ಕಾಣುವ ಅತಿ ಸಾಮಾನ್ಯ ತಪ್ಪು. ಪ್ರತಿ ರೋಲಿಗೂ ಪವರ್ ಸಪ್ಲೈಯಿಂದ ಬೇರೆ ಜೋಡಿ ವೈರ್ ಎಳೆಯಿರಿ.

ಈಗ ಸ್ಟ್ರಿಪ್‌ಗಳ ಗುಣದೋಷ. 2835 ಎಂದರೆ 2.8 ಮತ್ತು 3.5 ಮಿಲಿಮೀಟರಿನ ಎಲ್‌ಇಡಿ. ವ್ಯಾಟಿಗೆ ಸಿಗುವ ಬೆಳಕಿನಲ್ಲಿ ಸಿಒಬಿಗಿಂತ ಮುಂದು, ಒಂದು ಕೆಟ್ಟರೆ ಆ ತುಂಡನ್ನಷ್ಟೇ ಕತ್ತರಿಸಿ ಹೊಸದನ್ನು ಕೂರಿಸಬಹುದು. ಕೊರತೆ ಎಂದರೆ ಚುಕ್ಕಿಗಳು. ಚುಕ್ಕಿ ಕಾಣಬಾರದೆಂದರೆ ಎಲ್‌ಇಡಿಯಿಂದ ಡಿಫ್ಯೂಸರಿಗೆ (ಬೆಳಕು ಹರಡುವ ಹಾಲುಬಣ್ಣದ ಮುಚ್ಚಳಕ್ಕೆ) ಇರುವ ದೂರ ಎಲ್‌ಇಡಿಗಳ ನಡುವಿನ ಅಂತರದಷ್ಟಾದರೂ ಇರಬೇಕು. ಮೀಟರಿಗೆ 60 ಇದ್ದರೆ ಅಂತರ 17 ಮಿಲಿಮೀಟರ್, 120 ಇದ್ದರೆ 8, 240 ಇದ್ದರೆ 4. ಅಂದರೆ 60ರ ಸ್ಟ್ರಿಪ್ ತಂದು ತೆಳು ಪ್ರೊಫೈಲಿಗೆ ಹಾಕಿ ಚುಕ್ಕಿ ಕಾಣುತ್ತದೆ ಎಂದು ಬೇಸರಪಟ್ಟು ಪ್ರಯೋಜನವಿಲ್ಲ, ಆಳದ ಪ್ರೊಫೈಲು ತರಬೇಕಿತ್ತು. ಸಿಒಬಿಯಲ್ಲಿ ಈ ತಲೆನೋವೇ ಇಲ್ಲ. ನೂರಾರು ಸಣ್ಣ ಚಿಪ್‌ಗಳ ಮೇಲೆ ಹಳದಿ ಫಾಸ್ಫರ್‌ನ ಪಟ್ಟೆ ಉದ್ದಕ್ಕೂ ಬಳಿದಿರುತ್ತದೆ, ಬೆಳಕು ಒಂದೇ ಗೆರೆಯಾಗಿ ಬರುತ್ತದೆ. ಗ್ರಾನೈಟ್ ಕಟ್ಟೆಯಲ್ಲಿ, ಗಾಜಿನ ಶೆಲ್ಫಿನಲ್ಲಿ ಪ್ರತಿಬಿಂಬ ಬೀಳುವ ಕಡೆ ಇದಕ್ಕೆ ಸಾಟಿಯಿಲ್ಲ. ಆದರೆ ಆ ಪಟ್ಟೆ ಮೆತ್ತಗಿರುತ್ತದೆ. ಅಂಟಿಸುವಾಗ ಹೆಬ್ಬೆರಳಿನಿಂದ ಮೇಲೆಯೇ ಒತ್ತಿದರೆ ಒಳಗಿನ ಚಿಪ್ ಸಂಪರ್ಕ ಕಳಚಿ ಅಲ್ಲೊಂದು ಕಪ್ಪು ತುಣುಕು ಉಳಿಯುತ್ತದೆ. ಪಟ್ಟೆಯ ಎರಡು ಅಂಚುಗಳನ್ನು ಒತ್ತಿ, ನಡುವನ್ನಲ್ಲ.

5050 (5 ಮಿಲಿಮೀಟರ್ ಚೌಕದ ಎಲ್‌ಇಡಿ) ಸ್ಟ್ರಿಪ್ಪನ್ನು ಬಿಳಿ ಬೆಳಕಿಗೆ ಕೊಳ್ಳಲು ಈಗ ಕಾರಣವಿಲ್ಲ, ಬಣ್ಣದ ಬೆಳಕಿಗೆ ಇದೆ. ಆದರೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಸ್ಟ್ರಿಪ್‌ನಲ್ಲಿ ಮೂರೂ ಬಣ್ಣ ಬೆರೆಸಿ ಬರುವ ಬಿಳಿ ಓದಲಿಕ್ಕೂ ಊಟಕ್ಕೂ ಹಿತವಲ್ಲ. ಬೇರೆ ಬಿಳಿ ಎಲ್‌ಇಡಿ ಇರುವ ಆರ್‌ಜಿಬಿಡಬ್ಲ್ಯು ತನ್ನಿ. ಉದ್ದದ ಆರ್‌ಜಿಬಿಯಲ್ಲಿ ಬಿಳಿ ಹಾಕಿದಾಗ ತುದಿ ಕೆಂಪಾಗುವುದೂ ವೋಲ್ಟೇಜ್ ಕೊರತೆಯೇ: ಕೆಂಪಿಗೆ 2 ವೋಲ್ಟ್ ಸಾಕು, ಹಸಿರು ನೀಲಿಗೆ 3 ಬೇಕು, ಕಡಿಮೆಯಾದಾಗ ಮೊದಲು ಸೋಲುವುದು ಅವೆರಡೇ. ಪ್ರತಿ ಎಲ್‌ಇಡಿಯನ್ನೂ ಬೇರೆಬೇರೆಯಾಗಿ ಆಡಿಸುವ ಡಬ್ಲ್ಯುಎಸ್2812ಬಿ 5 ವೋಲ್ಟಿನದು, ಪೂರ್ತಿ ಬಿಳಿಯಲ್ಲಿ ಒಂದೊಂದಕ್ಕೆ 60 ಮಿಲಿಆಂಪ್ ಲೆಕ್ಕ. 300 ಎಲ್‌ಇಡಿಗೆ 18 ಆಂಪ್! ಉದ್ದದ ಕೆಲಸಕ್ಕೆ 12 ವೋಲ್ಟಿನ ಡಬ್ಲ್ಯುಎಸ್2815 ವಾಸಿ. ಅದರಲ್ಲಿ ಇನ್ನೊಂದು ಡೇಟಾ ತಂತಿ ಇರುವುದರಿಂದ ನಡುವೆ ಒಂದು ಎಲ್‌ಇಡಿ ಸತ್ತರೂ ಮುಂದಿನವು ಉರಿಯುತ್ತವೆ.

ಬೆಳಕಿನ ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಮಲಗುವ ಕೋಣೆ, ಹಾಲ್‌ಗೆ 2700 ಅಥವಾ 3000 ಕೆಲ್ವಿನ್, ಅಡುಗೆಮನೆ ಕಟ್ಟೆಗೂ ಬಟ್ಟೆಯಂಗಡಿಗೂ 4000. ವ್ಯಾಪಾರದ ಜಾಗಕ್ಕೆ ಸಿಆರ್‌ಐ ಜೊತೆ ಆರ್9 ಎಂಬ ಅಂಕಿಯನ್ನೂ ಕೇಳಿ, ಗಾಢ ಕೆಂಪು ಎಷ್ಟು ಸರಿಯಾಗಿ ಕಾಣುತ್ತದೆ ಎಂಬುದು ಅದರಲ್ಲಿದೆ. ಸಿಆರ್‌ಐ 80ರ ಸ್ಟ್ರಿಪ್‌ನಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲೂ ಇರಬಹುದು. ಮಾಂಸ, ಹಣ್ಣು, ರೇಷ್ಮೆ ಎಲ್ಲ ಸಪ್ಪೆಯಾಗಿ ಕಾಣುತ್ತವೆ. ಒಂದು ಕೋಣೆಗೆ ಬೇಕಾದಷ್ಟನ್ನು ಒಂದೇ ಬ್ಯಾಚಿನಿಂದ ಒಮ್ಮೆಲೇ ತೆಗೆದುಕೊಳ್ಳಿ. ಬೇರೆ ಬ್ಯಾಚಿನ 3000 ಕೆಲ್ವಿನ್ ಪಕ್ಕದಲ್ಲಿಟ್ಟರೆ ಬೇರೆಯಾಗಿಯೇ ಕಾಣುತ್ತದೆ.

ಪವರ್ ಸಪ್ಲೈ ಆಯ್ಕೆಗೆ ಸೂತ್ರ ಸರಳ. ಮೀಟರಿನ ವ್ಯಾಟನ್ನು ಉದ್ದದಿಂದ ಗುಣಿಸಿ 0.8ರಿಂದ ಭಾಗಿಸಿ. 72 ವ್ಯಾಟಿಗೆ 90 ಬಂತು, 100 ವ್ಯಾಟಿನದು ತನ್ನಿ. ಸ್ಟ್ರಿಪ್‌ಗೆ ಬೇಕಾದ್ದು ಸ್ಥಿರ ವೋಲ್ಟೇಜಿನದು. ಡೌನ್‌ಲೈಟ್ ಜೊತೆ ಬರುವ ಸ್ಥಿರ ಕರೆಂಟಿನ ಡ್ರೈವರನ್ನು ಇದಕ್ಕೆ ಹಾಕಬಾರದು. ಮೀನ್‌ವೆಲ್ ಕಂಪನಿಯ ಸಾಲುಗಳನ್ನು ಉದಾಹರಣೆಗೆ ತೆಗೆದುಕೊಂಡರೆ, ಎಲ್‌ಆರ್‌ಎಸ್-100-24 ಎಂಬುದು 24 ವೋಲ್ಟ್ 4.5 ಆಂಪ್ ಕೊಡುವ, ಜಾಲರಿ ಹೊದಿಕೆಯ ಪೆಟ್ಟಿಗೆ. ಗಟ್ಟಿಮುಟ್ಟು, ಆದರೆ ಮೇನ್ಸ್ ಸ್ಕ್ರೂಗಳು ಕೈಗೆ ಸಿಗುವಂತಿರುತ್ತವೆ. ಗಾಳಿಯಾಡುವ ಮುಚ್ಚಿದ ಪೆಟ್ಟಿಗೆಯೊಳಗೆ ಇಡಲೇಬೇಕು, ಅರ್ತ್ ಕೊಡಲೇಬೇಕು. ಅದರಣ್ಣ ಎಲ್‌ಆರ್‌ಎಸ್-150ರಲ್ಲಿ ಪಕ್ಕದಲ್ಲೊಂದು ಸಣ್ಣ ಸ್ವಿಚ್ ಇರುತ್ತದೆ, 115ಕ್ಕೆ ಇಟ್ಟು 230 ಕೊಟ್ಟರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಎಲ್‌ಪಿವಿ ಸಾಲು ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಮುಚ್ಚಿದ, ದೂಳು ನೀರು ಒಳಹೋಗದ ಐಪಿ67 ಸಪ್ಲೈ, ಅಗ್ಗ, ಮನೆಯ ಸಾಧಾರಣ ಕೆಲಸಕ್ಕೆ ಸಾಕು. ದಿನಕ್ಕೆ ಹನ್ನೆರಡು ಗಂಟೆ ಉರಿಯುವ ಅಂಗಡಿಗೆ, ಹೊರಗಿನ ಬೋರ್ಡಿಗೆ ಅಲ್ಯೂಮಿನಿಯಂ ಮೈಯ ಎಚ್‌ಎಲ್‌ಜಿ ಸಾಲನ್ನೇ ಶಿಫಾರಸು ಮಾಡುತ್ತೇವೆ. ದುಬಾರಿ ನಿಜ, ಆದರೆ ಮತ್ತೆ ಮತ್ತೆ ಏಣಿ ಹತ್ತುವುದು ತಪ್ಪುತ್ತದೆ. ಎಲ್‌ಆರ್‌ಎಸ್‌ನ ಪಕ್ಕದಲ್ಲಿರುವ ವೋಲ್ಟೇಜ್ ತಿರುಪನ್ನು ಏರಿಸಿ ತುದಿಯ ಮಂಕನ್ನು ಸರಿಮಾಡಲು ಹೋಗಬೇಡಿ. ತುದಿ ಸರಿಯಾಗುವಷ್ಟರಲ್ಲಿ ಮೊದಲ ಮೀಟರಿನ ಎಲ್‌ಇಡಿಗಳು ಬೆಂದಿರುತ್ತವೆ.

ಸಪ್ಲೈ ಸಾಯುವುದು ಶಾಖದಿಂದ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುತ್ತದೆ. ಫಾಲ್ಸ್ ಸೀಲಿಂಗ್ ಒಳಗೆ ಉಣ್ಣೆಯಂಥ ಇನ್ಸುಲೇಷನ್ ಹೊದಿಸಿ ಅದರಡಿ ಇಟ್ಟರೆ ಎಂಥ ಕಂಪನಿಯದೂ ಉಳಿಯುವುದಿಲ್ಲ. ಕೈ ಹಾಕಿ ಬದಲಿಸಲು ಬರುವಂಥ ಬಾಗಿಲೂ ಇರಲಿ.

ಬೆಂಕಿಯ ವಿಷಯ ಬಹಳ ಮಂದಿ ಯೋಚಿಸದ್ದು. ಖರ್ಚು ಉಳಿಯುತ್ತದೆಂದು 400 ವ್ಯಾಟಿನ ಒಂದೇ ಸಪ್ಲೈ ಇಟ್ಟು ಅದರಿಂದ ಆರೇಳು ಸಣ್ಣ ವೈರ್ ಎಳೆಯುತ್ತಾರೆ. 24 ವೋಲ್ಟಿನಲ್ಲಿ ಅದು 16 ಆಂಪಿಗೂ ಹೆಚ್ಚು ಕೊಡಬಲ್ಲದು. ಒಂದು ಕವಲಿನಲ್ಲಿ ಅರೆಬರೆ ಶಾರ್ಟ್ ಆದರೆ ಸಪ್ಲೈಗೆ ಅದು ಮಾಮೂಲಿ ಲೋಡು, ಆಫ್ ಆಗುವುದೇ ಇಲ್ಲ. ತೆಳು ವೈರು ಮಾತ್ರ ಕಾದು ಕೆಂಪಾಗುತ್ತದೆ. ಪ್ರತಿ ಕವಲಿಗೂ ಅದರ ವೈರಿಗೆ ತಕ್ಕ ಫ್ಯೂಸ್ ಹಾಕಿ, 3 ಆಂಪಿನ ಕವಲಿಗೆ 5 ಆಂಪ್ ಫ್ಯೂಸ್. ಇಲ್ಲವೇ ಸಣ್ಣ ಸಪ್ಲೈಗಳನ್ನೇ ಹಂಚಿಡಿ. ಎರಡು ಸಪ್ಲೈಗಳ ಪ್ಲಸ್ಸನ್ನು ಒಟ್ಟಿಗೆ ಸೇರಿಸಬಾರದು. ಮಧ್ಯದಲ್ಲಿ ಸ್ಟ್ರಿಪ್‌ನ ಪ್ಲಸ್ ತಾಮ್ರ ಕಡಿದು ಎರಡು ವಲಯ ಮಾಡಿ.

ಡಿಮ್ಮರ್ ಬೇಕಾದರೆ ಸಪ್ಲೈ ಮತ್ತು ಸ್ಟ್ರಿಪ್ ನಡುವೆ ಕೂರುವ ಪಿಡಬ್ಲ್ಯುಎಂ (ಅತಿ ವೇಗವಾಗಿ ಹತ್ತಿಸಿ ಆರಿಸಿ ಬೆಳಕು ತಗ್ಗಿಸುವ) ಡಿಮ್ಮರ್ ಹಾಕಿ. ಫ್ಯಾನಿಗೋ ಹಳೆಯ ಬಲ್ಬಿಗೋ ಇದ್ದ ಗೋಡೆಯ ರೆಗ್ಯುಲೇಟರನ್ನು ಸಾಮಾನ್ಯ ಸಪ್ಲೈಯ ಹಿಂದೆ ಕೊಟ್ಟರೆ ಮಿನುಗಿ, ಗುಂಯ್ ಎಂದು ಕೊನೆಗೆ ಸುಟ್ಟುಹೋಗುತ್ತದೆ. ವಿಡಿಯೊ ತೆಗೆಯುವ ಜಾಗಕ್ಕೆ ಪಿಡಬ್ಲ್ಯುಎಂ ಆವರ್ತನ ಹೆಚ್ಚಿರುವುದನ್ನೇ ಕೇಳಿ, ಇಲ್ಲದಿದ್ದರೆ ಚಿತ್ರದಲ್ಲಿ ಪಟ್ಟೆಗಳು ಓಡುತ್ತವೆ.

ಜೋಡಿಸುವಾಗ ಕ್ಲಿಪ್ ಕನೆಕ್ಟರನ್ನು 2 ಆಂಪಿನೊಳಗಿನ ಚಿಕ್ಕ ತುಂಡುಗಳಿಗೆ ಮಾತ್ರ ಬಳಸಿ. ಅದರ ಹಲ್ಲು ತಾಮ್ರವನ್ನು ಮುಟ್ಟುವುದು ಒಂದು ಚುಕ್ಕಿಯಷ್ಟು ಜಾಗದಲ್ಲಿ. ದಿನ ಕಳೆದಂತೆ ಸಡಿಲವಾಗಿ, ಬಿಸಿಯಾಗಿ, ಕಂದುಬಣ್ಣಕ್ಕೆ ತಿರುಗುತ್ತದೆ. ಬೆಸುಗೆಯೇ ಸರಿ. ಬೆಸುಗೆ ಐರನ್ನನ್ನು 350 ಡಿಗ್ರಿಗೆ ಇಟ್ಟು, ಪ್ಯಾಡಿನ (ಸ್ಟ್ರಿಪ್‌ನ ತಾಮ್ರದ ಚುಕ್ಕೆಯ) ಮೇಲೆ ಬೆಸುಗೆ ಸೀಸದ ಸಣ್ಣ ಗುಬ್ಬಿ ಮಾಡಿ, ವೈರಿನ ತುದಿಗೂ ಸೀಸ ಹಿಡಿಸಿ, ಎರಡನ್ನೂ ಸೇರಿಸಿ ಎರಡು ಸೆಕೆಂಡು. ಗುಬ್ಬಿ ಹೊಳೆಯುತ್ತಾ ವೈರಿನ ಸುತ್ತ ಹರಿಯಬೇಕು. ಐದು ಸೆಕೆಂಡ್ ಹಿಡಿದರೆ ಪ್ಯಾಡೇ ಎದ್ದು ಬರುತ್ತದೆ, ಆಮೇಲೆ ಮುಂದಿನ ಕತ್ತರಿ ಗೆರೆಯೇ ಗತಿ. ನೀರು ತಾಗುವ ಕಡೆ ಕತ್ತರಿಸಿದ ತುದಿಯನ್ನು ನ್ಯೂಟ್ರಲ್ ಸಿಲಿಕೋನಿನಿಂದ ಮುಚ್ಚಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ. ಮೀಟರಿಗೆ 10 ವ್ಯಾಟ್ ದಾಟಿದ್ದನ್ನು ಮರಕ್ಕೋ ಜಿಪ್ಸಮ್‌ಗೋ ನೇರ ಅಂಟಿಸಬೇಡಿ: ಶಾಖಕ್ಕೆ ದಾರಿಯಿಲ್ಲದೆ ಅಂಟು ಬಿಡುತ್ತದೆ, ಎಲ್‌ಇಡಿ ಬೇಗ ಮಂಕಾಗುತ್ತದೆ. ಪ್ರೊಫೈಲನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿಯೇ ಅಂಟಿಸಿ.

ತೊಂದರೆ ಬಂದಾಗ ಲಕ್ಷಣ ನೋಡಿದರೆ ಮೂಲ ತಿಳಿಯುತ್ತದೆ. 12 ವೋಲ್ಟಿನದರಲ್ಲಿ ಮೂರು ಎಲ್‌ಇಡಿ ಮಾತ್ರ ಒಟ್ಟಿಗೆ ಆರಿದರೆ ಆ ತುಂಡಿನಲ್ಲಿ ಒಂದು ಕೆಟ್ಟಿದೆ. ಅಲ್ಲಿಂದ ಮುಂದಕ್ಕೆ ಪೂರ್ತಿ ಕತ್ತಲಾದರೆ ಬೆಸುಗೆ ಬಿಟ್ಟಿದೆ. ರೋಲುಗಳನ್ನು ಕಾರ್ಖಾನೆಯಲ್ಲೇ ಅರ್ಧ ಮೀಟರಿನ ತುಂಡುಗಳಿಂದ ಬೆಸೆದಿರುವುದುಂಟು, ಆ ಸಂದುಗಳನ್ನು ಮೊದಲು ನೋಡಿ. ಇಡೀ ಸ್ಟ್ರಿಪ್ ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿದ್ದರೆ ಸಪ್ಲೈ ಓವರ್‌ಲೋಡ್ ಆಗಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ, ಅಥವಾ ಎಲ್ಲೋ ಶಾರ್ಟ್ ಇದೆ. ಸ್ವಿಚ್ ಆಫ್ ಮಾಡಿದರೂ ಮಂದವಾಗಿ ಉರಿಯುತ್ತಿದ್ದರೆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿದ್ದಾರೆಯೇ, ಸ್ವಿಚ್ಚಿನಲ್ಲಿ ಇಂಡಿಕೇಟರ್ ದೀಪವಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ತುದಿ ಮಂಕಾಗಿದ್ದರೆ ಪೂರ್ತಿ ಪ್ರಕಾಶದಲ್ಲಿ ಉರಿಯುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ಸಪ್ಲೈ ಬಾಯಲ್ಲಿ, ಸ್ಟ್ರಿಪ್‌ನ ಆರಂಭದಲ್ಲಿ, ಕೊನೆಯಲ್ಲಿ ಮೂರು ಕಡೆ ಅಳೆಯಿರಿ. ಮೊದಲೆರಡರ ನಡುವೆ ಬಿದ್ದಿದ್ದರೆ ವೈರ್ ದಪ್ಪ ಮಾಡಿ, ಕೊನೆಯೆರಡರ ನಡುವೆ ಬಿದ್ದಿದ್ದರೆ ಆ ತುದಿಗೂ ಫೀಡ್ ಕೊಡಿ.